ಹೆಸರು ಅದೇ, ಆಟ ಅದಲ್ಲ: ಡಿಎಸ್ ಕಾರ್ಟ್ರಿಡ್ಜ್ ಕೊಳ್ಳುವ ಮುಂಚೆ ಓದಿ

ಕೈಯಲ್ಲಿ ಹಿಡಿದು ಆಡುವ, ಎರಡು ಪರದೆಯ ಪುಟ್ಟ ಯಂತ್ರವಾದ ನಿಂಟೆಂಡೊ ಡಿಎಸ್‌ಗೆ ಹಳೆಯ ಕಂಪ್ಯೂಟರ್ ಸಾಹಸದ ಆಟಗಳನ್ನು ಹುಡುಕುತ್ತಿದ್ದೀರಾ? ದಯವಿಟ್ಟು ಬರೀ ಹೆಸರು ನೋಡಿ ಕಾರ್ಟ್ರಿಡ್ಜ್ (ಆಟ ತುಂಬಿರುವ ಪುಟ್ಟ ಬಿಲ್ಲೆ) ಕೊಳ್ಳಬೇಡಿ. ನಾನು ಹಾಗೇ ಕೊಂಡೆ. ದೊಡ್ಡ ಪರದೆಯಲ್ಲಿ ತಿಂಗಳುಗಟ್ಟಲೆ ಆಡಿದ್ದ ಆಟ, ಈಗ ಕೈಯಲ್ಲೇ ಹಿಡಿದು ಆಡಬಹುದು ಎಂಬ ಖುಷಿಯಲ್ಲಿ ಬೇರೇನೂ ವಿಚಾರಿಸಲಿಲ್ಲ.

ಮೊದಲನೇ ಕೋಣೆಯಲ್ಲೇ ಸಿಕ್ಕಿಬಿದ್ದೆ. ಗೋಡೆಯ ಮೇಲೊಂದು ಚೀಟಿ ಇದೆ. ಅದರಲ್ಲಿರುವ ಅಂಕಿ ಗೊತ್ತಾದರೆ ಪೆಟ್ಟಿಗೆಯ ಬೀಗ ತೆರೆಯುತ್ತದೆ. ಡಿಎಸ್‌ನಲ್ಲಿ ಆ ಚೀಟಿ ಒಂದು ಬಿಳಿ ಕಲೆ, ಅಷ್ಟೇ. ಅದು 3 ಇರಬಹುದು, 8 ಕೂಡ ಇರಬಹುದು. ಕಣ್ಣಿನ ಹತ್ತಿರ ತಂದೆ, ದೀಪದ ಕೆಳಗೆ ಹಿಡಿದೆ. ಮೂರು ಸಂಜೆ ಹೋಯಿತು.

ಲೆಕ್ಕ ಹಾಕಿದರೆ ಕಾರಣ ಗೊತ್ತಾಗುತ್ತದೆ. ಆ ಕಾಲದ ಎಷ್ಟೋ ಆಟಗಳ ಚಿತ್ರ 640×480 ಪಿಕ್ಸೆಲ್. ಡಿಎಸ್‌ನ ಒಂದೊಂದು ಪರದೆ 256×192 ಮಾತ್ರ. ಅಂದರೆ ಆರು ಚುಕ್ಕೆಗಳಿದ್ದ ಜಾಗದಲ್ಲಿ ಈಗ ಒಂದೇ ಚುಕ್ಕೆ. ಮುಖ್ಯವಾದ ವಸ್ತುಗಳನ್ನು ಮತ್ತೆ ದೊಡ್ಡದಾಗಿ ಬರೆಯಬೇಕಿತ್ತು. ಇಲ್ಲಿ ಇಡೀ ಚಿತ್ರವನ್ನು ಸುಮ್ನೆ ಕುಗ್ಗಿಸಿ ತುರುಕಿದ್ದಾರೆ.

ಅದಕ್ಕಿಂತ ಜಾಸ್ತಿ ಕಾಡಿದ್ದು ಮುಟ್ಟುವ ವಿಷಯ. ಮೌಸ್ ಇದ್ದಾಗ ಕ್ಲಿಕ್ ಮಾಡದೆಯೇ ಕರ್ಸರನ್ನು ಅಲ್ಲಿ ಇಲ್ಲಿ ಓಡಿಸಿ ನೋಡುತ್ತೇವೆ. ಏನಾದರೂ ಇದ್ದರೆ ಕರ್ಸರಿನ ಆಕಾರ ಬದಲಾಗುತ್ತದೆ. ಹಾಗೆ ತಡಕಾಡುವುದೇ ಈ ಆಟಗಳ ಅರ್ಧ ಸುಖ, ಅಲ್ವಾ? ಡಿಎಸ್ ಪರದೆಗೆ ಒತ್ತಿದರೆ ಮಾತ್ರ ತಿಳಿಯುತ್ತದೆ. ಈ ಆಟದಲ್ಲಿ ಪ್ರತಿ ಒತ್ತೂ ಒಂದು ಕ್ಲಿಕ್. ಬಾಗಿಲ ಪಕ್ಕದ ಸಣ್ಣ ಹಿಡಿಕೆ ಒತ್ತಲು ಹೋದರೆ ಬಾಗಿಲೇ ತೆರೆದು ಹೊರಗೆ ಹೋಗುತ್ತೇನೆ. ವಾಪಸ್ ಬರುತ್ತೇನೆ, ಮತ್ತೆ ಅದೇ. ಸೇವ್ ಮಾಡಲು ಇರುವುದೂ ಒಂದೇ ಜಾಗ. ಕೈ ತಪ್ಪಿ ಮಾಡಿದ್ದು ಹಾಗೇ ಉಳಿಯಿತು.

ಇದು ಡಿಎಸ್‌ನ ತಪ್ಪಲ್ಲ. 1996ರ ಬ್ರೋಕನ್ ಸ್ವೋರ್ಡ್ ಎಂಬ ಸಾಹಸದ ಆಟ 2009ರಲ್ಲಿ ಡಿಎಸ್‌ಗೆ ಬಂದಾಗ, ಸ್ಟೈಲಸ್ಸನ್ನು (ಪರದೆ ಒತ್ತುವ ಕಡ್ಡಿ) ಪರದೆಯ ಮೇಲೆ ಎಳೆಯುತ್ತಾ ಹೋದರೆ ಮುಟ್ಟಬಹುದಾದ ಜಾಗಗಳು ತಾವಾಗಿ ಕಾಣುವ ಹಾಗೆ ಮಾಡಿದ್ದರು. ಪಾತ್ರಗಳ ದನಿ ಬಿಟ್ಟು ಮಾತನ್ನು ಅಕ್ಷರದಲ್ಲೇ ಕೊಟ್ಟರು. ದನಿ ಇಲ್ಲದ್ದು ನನಗೆ ಬೇಸರವೇ, ಆದರೂ ಯಾರೋ ಕೂತು ಯೋಚಿಸಿದ್ದಾರೆ ಅನ್ನುವುದು ಗೊತ್ತಾಗುತ್ತದೆ.

ಅಂಗಡಿಯಲ್ಲಿ ಆಟ ಬರುವ ಪೆಟ್ಟಿಗೆಯ ಹಿಂದಿನ ಚಿತ್ರಗಳನ್ನು ನಂಬಬೇಡಿ. ಅಂಚೆಚೀಟಿಯಷ್ಟು ಚಿಕ್ಕದಾಗಿ ಅಚ್ಚು ಹಾಕಿದರೆ ಯಾವ ಚಿತ್ರವೂ ಚೊಕ್ಕವಾಗಿಯೇ ಕಾಣುತ್ತದೆ. ಡಿಎಸ್ ಮೇಲೆಯೇ ಯಾರಾದರೂ ಆಡಿರುವ ವಿಡಿಯೋ ಹುಡುಕಿ. ಅದರಲ್ಲಿ ಚೀಟಿ, ನಕ್ಷೆ, ಪತ್ರ ಓದುವ ಜಾಗ ಬಂದಾಗ ನಿಲ್ಲಿಸಿ, ನಿಮಗೆ ಓದಲು ಆಗುತ್ತದಾ ನೋಡಿ. ಕಾರ್ಟ್ರಿಡ್ಜಿನಲ್ಲಿ ಅಚ್ಚಾದ ತಪ್ಪನ್ನು ಆಮೇಲೆ ಅಪ್‌ಡೇಟ್ ಕಳಿಸಿ ಸರಿಮಾಡುವ ವ್ಯವಸ್ಥೆ ಡಿಎಸ್‌ನಲ್ಲಿ ಇರಲಿಲ್ಲ.

ನನ್ನ ಕಾರ್ಟ್ರಿಡ್ಜನ್ನು ಸೆಕೆಂಡ್ ಹ್ಯಾಂಡ್ ಆಗಿ ಕೇಳಿದವರು ಇದ್ದಾರೆ. ಕೊಡಲಿಲ್ಲ. ಅವರೂ ಅದೇ ಚೀಟಿಯ ಮುಂದೆ ಕೂರುವುದು ನನಗೆ ಬೇಡ.