ಗಾಢ ಪರಿಮಳದ ಶವರ್ ಜೆಲ್: ಘಮಕ್ಕೆ ಪೂರ್ಣ ಅಂಕ, ನೆಮ್ಮದಿಯ ಭರವಸೆಗೆ ಅರ್ಧ

ಲ್ಯಾವೆಂಡರ್ ಮತ್ತು ನೀಲಗಿರಿ ಎಣ್ಣೆಗಳನ್ನು ಬೆರೆಸಿ, ರಾತ್ರಿಯ ಸ್ನಾನಕ್ಕೆಂದೇ ತಯಾರಿಸಿದ ಶವರ್ ಜೆಲ್ ಒಂದನ್ನು ಕೆಲಕಾಲದಿಂದ ಬಳಸುತ್ತಿದ್ದೇನೆ. ಅದು ದಿನದ ದಣಿವನ್ನು ಕಳೆದು ಮನಸ್ಸನ್ನು ಹಗುರಗೊಳಿಸುತ್ತದೆ, ಒಳ್ಳೆಯ ನಿದ್ದೆಗೆ ಅಣಿಗೊಳಿಸುತ್ತದೆ ಎಂದು ಬಾಟಲಿಯ ಮೇಲೆ ಬರೆದಿದೆ. ಕೊಳೆ ತೆಗೆಯುವ ವಿಚಾರ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಎಲ್ಲೋ ಒಂದು ಕಡೆ ಬರುತ್ತದೆ. ಮೈ ತೊಳೆಯುವ ವಸ್ತುವೊಂದು ಮನಸ್ಸಿನ ಹೆಸರಿನಲ್ಲಿ ಮಾರಾಟವಾಗುತ್ತಿರುವಾಗ, ಅದನ್ನು ಆ ಮಾತಿನ ಮೇಲೆಯೇ ಪರೀಕ್ಷಿಸುವುದು ನ್ಯಾಯ.

ಮೊದಲು ಪರಿಮಳದ ವಿಚಾರ. ಮುಚ್ಚಳ ತೆರೆದು ಮೂಗಿಗೆ ಹಿಡಿದರೆ ಲ್ಯಾವೆಂಡರ್ ಸಿಗುವುದಿಲ್ಲ. ಕರ್ಪೂರವನ್ನು ನೆನಪಿಸುವ ನೀಲಗಿರಿಯ ಘಾಟು ಮೂಗಿಗೆ ಅಡರುತ್ತದೆ. ಅಂಗಡಿಯಲ್ಲಿ ಹೀಗೆ ಮೂಸಿ ನೋಡಿದವರಲ್ಲಿ ಅರ್ಧದಷ್ಟು ಜನ ಅಲ್ಲಿಯೇ ಬಾಟಲಿಯನ್ನು ಮರಳಿ ಇಟ್ಟಿರಬಹುದು, ಆದರೆ ಈ ಜೆಲ್ ಅನ್ನು ಬಾಟಲಿಯ ಬಾಯಿಯಲ್ಲಿ ಅಳೆಯಬಾರದು. ಒದ್ದೆ ಅಂಗೈಗೆ ಸುರಿದಾಗ ನೇರಳೆ ಬಣ್ಣದ ಈ ಮಂದ ದ್ರವವು ಹರಿಯದೆ ಒಂದೆಡೆ ನಿಲ್ಲುತ್ತದೆ, ಎರಡೂ ಕೈಗಳಿಂದ ಉಜ್ಜಿದಾಗ ಸಣ್ಣ ಗುಳ್ಳೆಗಳ ದಟ್ಟ ನೊರೆಯಾಗುತ್ತದೆ, ಬಿಸಿನೀರಿನ ಹಬೆ ಕೋಣೆಯನ್ನು ತುಂಬುತ್ತಿದ್ದಂತೆ ಆ ಘಾಟು ತಗ್ಗಿ ಅದರ ಹಿಂದಿನಿಂದ ಲ್ಯಾವೆಂಡರ್‌ನ ತಿಳಿಯಾದ, ತುಸು ಸಿಹಿ ಬೆರೆತ ಘಮ ಮೇಲೇಳುತ್ತದೆ. ಬೇಗ ಆವಿಯಾಗುವ ಅಂಶಗಳು ಮೊದಲು ಮೂಗನ್ನು ಮುಟ್ಟಿ ಮರೆಯಾಗುವುದು, ನಿಧಾನವಾಗಿ ಆವಿಯಾಗುವವು ಕೊನೆಯವರೆಗೆ ಉಳಿಯುವುದು ಸುಗಂಧ ತಯಾರಿಕೆಯ ಹಳೆಯ ಲೆಕ್ಕಾಚಾರ. ಇಲ್ಲಿ ಆ ಲೆಕ್ಕ ಚೆನ್ನಾಗಿ ಕೂಡಿಬಂದಿದೆ. ಸ್ನಾನ ಮುಗಿಸಿ ಬಹಳ ಹೊತ್ತಾದ ಮೇಲೆ ಟವೆಲ್ಲಿನಲ್ಲಿ ಉಳಿಯುವ, ಒಣ ಮರದ ವಾಸನೆಗೆ ಹತ್ತಿರವಾದ ಶೇಷವೇ ನನಗೆ ಎಲ್ಲಕ್ಕಿಂತ ಹಿಡಿಸಿತು.

ಪರಿಮಳದ ಪ್ರಮಾಣ ಮಾತ್ರ ಅತಿಯಾಯಿತು. ಒಂದೇ ವಾಸನೆಯ ನಡುವೆ ಕೆಲವು ನಿಮಿಷ ನಿಂತರೆ ಮೂಗು ಅದಕ್ಕೆ ಒಗ್ಗಿಕೊಳ್ಳುತ್ತದೆ. ಘಮ ಕಡಿಮೆಯಾಯಿತೆಂದು ಭಾವಿಸಿ ಕೈ ಮತ್ತೆ ಬಾಟಲಿಯ ಕಡೆಗೆ ಹೋಗುತ್ತದೆ. ಕಡಿಮೆಯಾಗಿಲ್ಲ ಎಂಬುದು ನಮ್ಮ ನಂತರ ಸ್ನಾನಕ್ಕೆ ಹೋಗುವವರಿಗೆ ತಕ್ಷಣ ತಿಳಿಯುತ್ತದೆ, ಅವರು ಅದನ್ನು ನಮಗೆ ತಿಳಿಸದೆ ಬಿಡುವುದೂ ಇಲ್ಲ. ಕಿಟಕಿಯಿಲ್ಲದ ಸಣ್ಣ ಬಚ್ಚಲುಮನೆಯಲ್ಲಿ ಒಂದು ಹನಿ ಹೆಚ್ಚಾದರೂ ತಲೆ ಭಾರವಾಗುತ್ತದೆ. ತೀಕ್ಷ್ಣ ವಾಸನೆಯಿಂದ ಮೈಗ್ರೇನ್ ಅಥವಾ ಆಸ್ತಮಾ ಕೆರಳುವವರು ಮನೆಯಲ್ಲಿದ್ದರೆ ಈ ಬಾಟಲಿಯನ್ನು ತರದಿರುವುದೇ ಒಳ್ಳೆಯದು.

ಇನ್ನು ಮನಸ್ಸಿನ ಮಾತು. ವಾಸನೆಗೂ ಭಾವನೆಗೂ ಇರುವ ನಂಟು ಜಾಹೀರಾತಿನವರ ಸೃಷ್ಟಿಯಲ್ಲ. ಉಳಿದ ಇಂದ್ರಿಯಗಳ ಸಂದೇಶಗಳು ಮಿದುಳಿನ ಥಲಾಮಸ್ ಎಂಬ ಭಾಗವನ್ನು ಹಾದು ಮುಂದೆ ಹೋಗುತ್ತವೆ; ವಾಸನೆಯ ಸಂದೇಶವಾದರೋ ಆ ಸುತ್ತುದಾರಿಯನ್ನು ಬಿಟ್ಟು, ಭಾವನೆಗಳೊಡನೆ ವ್ಯವಹರಿಸುವ ಅಮಿಗ್ಡಲಾದಂತಹ ಭಾಗಗಳನ್ನು ನೇರವಾಗಿ ತಲುಪುತ್ತದೆ. ಮನುಷ್ಯನ ಮೂಗಿನಲ್ಲಿ ಸುಮಾರು 400 ಬಗೆಯ ವಾಸನಾಗ್ರಾಹಕಗಳಿವೆ. ಇಂತಹ ಗ್ರಾಹಕಗಳನ್ನು ಗುರುತಿಸಿದ್ದಕ್ಕಾಗಿಯೇ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಆದರೆ ವಾಸನೆ ಭಾವನೆಯನ್ನು ಮುಟ್ಟುತ್ತದೆ ಎಂಬ ಮಾತ್ರಕ್ಕೆ ಲ್ಯಾವೆಂಡರ್ ಎಲ್ಲರನ್ನೂ ಒಂದೇ ರೀತಿ ಶಾಂತಗೊಳಿಸುತ್ತದೆ ಎಂದಾಗುವುದಿಲ್ಲ. ಯಾವ ವಾಸನೆ ಯಾರಲ್ಲಿ ಏನನ್ನು ಎಬ್ಬಿಸುತ್ತದೆ ಎಂಬುದು ಬಹುಮಟ್ಟಿಗೆ ಅವರವರ ನೆನಪಿಗೆ ಬಿಟ್ಟ ವಿಷಯ. ನೆಲ ಒರೆಸುವ ದ್ರವಗಳಿಗೂ ಇದೇ ಪರಿಮಳವನ್ನು ಧಾರಾಳವಾಗಿ ಸೇರಿಸುತ್ತಿರುವ ಈ ಕಾಲದಲ್ಲಿ, ಲ್ಯಾವೆಂಡರ್ ಎಂದರೆ ಮನೆಗೆಲಸವೇ ಕಣ್ಣಮುಂದೆ ಬರುವವರಿಗೆ ಈ ಜೆಲ್ ಯಾವ ನೆಮ್ಮದಿಯನ್ನೂ ಕೊಡಲಾರದು.

ಇದನ್ನು ಪರೀಕ್ಷಿಸಲೆಂದೇ ಕೆಲವು ರಾತ್ರಿ ಪರಿಮಳವಿಲ್ಲದ ಸಾಧಾರಣ ಜೆಲ್ ಬಳಸಿ, ಅದೇ ಹೊತ್ತಿಗೆ, ಅಷ್ಟೇ ಬಿಸಿಯ ನೀರಿನಲ್ಲಿ ಸ್ನಾನ ಮಾಡಿದೆ. ಭುಜದ ಬಿಗಿತ ಸಡಿಲವಾಗುವುದು, ಹಾಸಿಗೆ ಸೇರಿದ ಮೇಲೆ ಕಣ್ಣು ಎಳೆಯುವುದು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಇದರಲ್ಲಿ ಅಚ್ಚರಿಯೇನೂ ಇಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಮಲಗುವುದಕ್ಕೆ ಒಂದೆರಡು ಗಂಟೆ ಮೊದಲು 40ರಿಂದ 42.5 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಕನಿಷ್ಠ 10 ನಿಮಿಷ ಸ್ನಾನ ಮಾಡಿದರೆ ನಿದ್ದೆ ಬೇಗ ಹತ್ತುತ್ತದೆ ಎಂದು ಹೇಳಿತ್ತು. ಬಿಸಿನೀರಿನಿಂದ ಕೈಕಾಲುಗಳ ರಕ್ತನಾಳಗಳು ಹಿಗ್ಗಿ ದೇಹದೊಳಗಿನ ಶಾಖವು ಚರ್ಮದ ಮೂಲಕ ಹೊರಗೆ ಹೋಗುತ್ತದೆ, ಒಳಗಿನ ತಾಪ ಇಳಿಯುವುದೇ ದೇಹಕ್ಕೆ ನಿದ್ದೆಯ ಸೂಚನೆ. ಅಂದರೆ ಬಾಟಲಿಯು ತನ್ನದೆಂದು ಹೇಳಿಕೊಳ್ಳುವ ಶ್ರೇಯದ ದೊಡ್ಡ ಪಾಲು ನಲ್ಲಿಯ ನೀರಿಗೆ ಸಲ್ಲಬೇಕು. ಹಾಗೆಂದು ಪರಿಮಳದ ಪಾತ್ರ ಶೂನ್ಯವೆಂದು ನಾನು ಹೇಳಲಾರೆ: ಈ ಜೆಲ್ ಇದ್ದ ದಿನ ಸ್ನಾನವನ್ನು ಅವಸರವಿಲ್ಲದೆ ಮಾಡುತ್ತಿದ್ದೆ, ಉಸಿರನ್ನು ಆಳವಾಗಿ ಎಳೆದುಕೊಳ್ಳುತ್ತಿದ್ದೆ, ಕಚೇರಿಯ ಯೋಚನೆಗಳು ಅಷ್ಟು ಹೊತ್ತು ದೂರವಿರುತ್ತಿದ್ದವು. ನಿದ್ದೆಗೆಂದು ಮಾಡಿದ ಜೆಲ್‌ನಲ್ಲಿ ಮೂಗನ್ನು ತೆರೆಸಿ ಎಚ್ಚರಗೊಳಿಸುವ ನೀಲಗಿರಿಯನ್ನು ಇಷ್ಟೊಂದು ಸೇರಿಸಿದ್ದೇಕೆ ಎಂಬುದು ಮಾತ್ರ ನನಗೆ ಅರ್ಥವಾಗಲಿಲ್ಲ. ಬೆಳಗಿನ ಸ್ನಾನಕ್ಕೆ ಬಳಸಿದಾಗ ಇದೇ ಜೆಲ್ ಹೆಚ್ಚು ಒಪ್ಪುವಂತಿತ್ತು.

ಕೊಳೆ ತೆಗೆಯುವುದರಲ್ಲಿ ದೂರಲು ಏನೂ ಇಲ್ಲ. ಬಾಟಲಿಯ ಮೇಲಿನ ಘಟಕಾಂಶಗಳ ಪಟ್ಟಿಯಲ್ಲಿ ಮೊದಲಿಗಿರುವುದು ಬಹಳಷ್ಟು ಶವರ್ ಜೆಲ್‌ಗಳಲ್ಲಿ ಸಾಮಾನ್ಯವಾದ, ನೊರೆ ಬರಿಸಿ ಕೊಳೆ ತೆಗೆಯುವ ಸೋಡಿಯಂ ಲಾರೆತ್ ಸಲ್ಫೇಟ್, ಅದರ ಬಿರುಸನ್ನು ತಗ್ಗಿಸಲು ಕೋಕಮಿಡೊಪ್ರೊಪಿಲ್ ಬೀಟೇನ್ ಎಂಬ ಸೌಮ್ಯ ಶುದ್ಧಿಕಾರಕ. ಒಣ ಚರ್ಮದವರಿಗೆ ಸ್ನಾನದ ನಂತರ ಮೊಣಕಾಲು, ಮೊಣಕೈಗಳಲ್ಲಿ ಚರ್ಮ ಬಿಗಿದಂತೆ ಅನ್ನಿಸಬಹುದು, ಮಾಯಿಶ್ಚರೈಸರ್ ಹಚ್ಚುವುದು ತಪ್ಪುವುದಿಲ್ಲ.

ಹೆಚ್ಚು ಗಮನಿಸಬೇಕಾದದ್ದು ಅದೇ ಪಟ್ಟಿಯ ಕೊನೆಯಲ್ಲಿರುವ ಲಿನಲೂಲ್, ಲಿಮೊನೀನ್ ಎಂಬ ಹೆಸರುಗಳು. ಇವು ಪರಿಮಳದ ಎಣ್ಣೆಗಳಲ್ಲಿ ಸಹಜವಾಗಿಯೇ ಇರುವ ಅಂಶಗಳು. ಲ್ಯಾವೆಂಡರ್‌ನ ಘಮದ ಬಹುಭಾಗ ಲಿನಲೂಲ್ ಮತ್ತು ಅದರ ಅಸಿಟೇಟ್‌ನಿಂದಲೇ ಬರುತ್ತದೆ. ಗಾಳಿಯ ಸಂಪರ್ಕದಲ್ಲಿ ಇವು ನಿಧಾನವಾಗಿ ಉತ್ಕರ್ಷಣಗೊಂಡು, ಅಲರ್ಜಿ ಉಂಟುಮಾಡುವ ಶಕ್ತಿ ಹೆಚ್ಚಿರುವ ಸಂಯುಕ್ತಗಳಾಗುತ್ತವೆ. ತೊಳೆದುಹೋಗುವ ಉತ್ಪನ್ನಗಳಲ್ಲಿ ಇಂತಹ ಅಂಶ ಶೇ 0.01ನ್ನು ಮೀರಿದರೆ ಅದರ ಹೆಸರನ್ನು ಪಟ್ಟಿಯಲ್ಲಿ ಬರೆಯಲೇಬೇಕು ಎಂದು ಐರೋಪ್ಯ ಒಕ್ಕೂಟದ ನಿಯಮ ಹೇಳುವುದು ಇದೇ ಕಾರಣಕ್ಕೆ. ಬಾಟಲಿಯ ಮುಂಭಾಗದಲ್ಲಿರುವ ‘ನೈಸರ್ಗಿಕ’ ಎಂಬ ದಪ್ಪಕ್ಷರಗಳನ್ನು ನಂಬಿ, ಎಸ್ಜಿಮಾ ಇರುವವರು ಅಥವಾ ಹಿಂದೆ ಸುಗಂಧಗಳಿಂದ ತುರಿಕೆ ಕಂಡವರು ಇದನ್ನು ನೇರವಾಗಿ ಮೈಗೆಲ್ಲ ಹಚ್ಚಿಕೊಳ್ಳಬಾರದು.

ಬಾಟಲಿಯ ವಿನ್ಯಾಸ ಸಾಧಾರಣ. ಒದ್ದೆ ಬೆರಳಿಗೆ ಮುಚ್ಚಳ ಜಾರುತ್ತದೆ, ಅದರ ಸುತ್ತ ಜೆಲ್ ಒಣಗಿ ಅಂಟಾಗಿ ಉಳಿಯುತ್ತದೆ. ಪಂಪ್ ಇದ್ದಿದ್ದರೆ ಒಮ್ಮೆಗೆ ಎಷ್ಟು ಬರಬೇಕೆಂಬುದಾದರೂ ಹಿಡಿತದಲ್ಲಿರುತ್ತಿತ್ತು, ಇಷ್ಟು ಗಾಢ ಪರಿಮಳದ ವಸ್ತುವಿಗೆ ಅದು ಬೇಕೇ ಬೇಕು. ದಿನನಿತ್ಯಕ್ಕೆ ನಾನು ಪರಿಮಳವಿಲ್ಲದ ಜೆಲ್‌ಗೇ ಮರಳಿದ್ದೇನೆ; ತೀರಾ ದಣಿದ ದಿನಗಳಿಗೆಂದು ಇದನ್ನು ಇಟ್ಟುಕೊಂಡಿದ್ದು, ಸಾಧಾರಣ ಜೆಲ್‌ನ ನೊರೆಗೆ ಇದರ ಒಂದೆರಡು ಹನಿ ಬೆರೆಸಿದರೆ ಸಾಕಾಗುತ್ತದೆ. ಇದೇ ಘಮ ಅರ್ಧದಷ್ಟು ಪ್ರಮಾಣದಲ್ಲಿ, ಚಿಕ್ಕ ಬಾಟಲಿಯಲ್ಲಿ ಸಿಗುವುದಾದರೆ ಮತ್ತೆ ಕೊಳ್ಳುತ್ತೇನೆ.