ತಿಥಿಯೋ ತಾರೀಖೋ: ಡೌನ್‌ಲೋಡ್‌ಗಳ ಋತುಮಾನ ಹಿಡಿಯುವ ದಾರಿಗಳು

ಯುಗಾದಿ 2024ರಲ್ಲಿ ಏಪ್ರಿಲ್ 9ಕ್ಕೆ ಬಂದಿತ್ತು, 2025ರಲ್ಲಿ ಮಾರ್ಚ್ 30ಕ್ಕೆ, 2026ರಲ್ಲಿ ಮಾರ್ಚ್ 19ಕ್ಕೆ. ಡೌನ್‌ಲೋಡ್‌ಗಳ ಏರಿಳಿತ ನೋಡಿ ಜಾಹೀರಾತಿಗೆ ದುಡ್ಡು ಹಾಕುವವರ ತಲೆ ಕೆಡಿಸಲು ಇಷ್ಟೇ ಸಾಕು. ನಾನು ಮುಂಬೈಯಲ್ಲಿ ಕುಳಿತು ಪ್ರಚಾರ ನೋಡಿಕೊಳ್ಳುವುದು ಸಣ್ಣದೊಂದು ಕನ್ನಡ ಪಂಚಾಂಗದ ಆ್ಯಪ್‌ಗೆ. ಹಾಗಾಗಿ ಯಾವ ಸಲಕರಣೆ ಕೈಗೆ ಬಂದರೂ ನನ್ನ ಮೊದಲ ಪ್ರಶ್ನೆ ಒಂದೇ: ಇದಕ್ಕೆ ತಿಥಿ ಗೊತ್ತೇ, ಬರೀ ತಾರೀಖು ಗೊತ್ತೇ?

ಮೊದಲು ಗೂಗಲ್ ಟ್ರೆಂಡ್ಸ್. ಪುಕ್ಕಟೆ, 2004ರಿಂದ ಈಚೆಗಿನ ಹುಡುಕಾಟದ ಲೆಕ್ಕ ಇದೆ, ಮಹಾರಾಷ್ಟ್ರವನ್ನೂ ಕರ್ನಾಟಕವನ್ನೂ ಬೇರೆಬೇರೆಯಾಗಿ ನೋಡಬಹುದು. ಆದರೆ ಅದು ಕೊಡುವುದು ಸಂಖ್ಯೆಯಲ್ಲ, ಸೊನ್ನೆಯಿಂದ ನೂರರವರೆಗಿನ ಅಳತೆ. ಆಯ್ದ ಅವಧಿಯ ಅತಿ ಎತ್ತರದ ಬಿಂದುವಿಗೆ ನೂರು, ಉಳಿದದ್ದೆಲ್ಲ ಅದರ ಲೆಕ್ಕದಲ್ಲಿ. 'ಸಂಕಷ್ಟಿ' ಪಕ್ಕದಲ್ಲಿ 'ದೀಪಾವಳಿ' ಎಂದು ಸೇರಿಸಿದರೆ ಸಂಕಷ್ಟಿಯ ಗೆರೆ ನೆಲ ಕಚ್ಚುತ್ತದೆ. ಕನ್ನಡ ಲಿಪಿಯಲ್ಲಿ ಪಂಚಾಂಗ ಎಂದು ಬರೆದು ಮಹಾರಾಷ್ಟ್ರ ಆಯ್ದುಕೊಂಡರೆ ಬಹುತೇಕ ಸೊನ್ನೆಗಳೇ. ಇಲ್ಲಿನ ಕನ್ನಡಿಗರು ಹುಡುಕುವುದು ಇಂಗ್ಲಿಷ್ ಅಕ್ಷರಗಳಲ್ಲಿ.

ಆದರೂ ಟ್ರೆಂಡ್ಸ್ ಹಿಡಿದುಕೊಟ್ಟ ಒಂದು ಸಂಗತಿಯನ್ನು ಬೇರೆ ಯಾವುದೂ ಕೊಡಲಿಲ್ಲ. 'ಸಂಕಷ್ಟಿ'ಯನ್ನು ಇಂಗ್ಲಿಷ್ ಅಕ್ಷರದಲ್ಲಿ ಕೊಟ್ಟು, ಮಹಾರಾಷ್ಟ್ರಕ್ಕೆ ಸೀಮಿತಗೊಳಿಸಿ, ಕಳೆದ 90 ದಿನ ನೋಡಿ. ಗರಗಸದ ಹಲ್ಲಿನಂತೆ ತಿಂಗಳಿಗೊಂದು ಮೊನೆ, ಸರಿಯಾಗಿ ಕೃಷ್ಣ ಪಕ್ಷದ ಚೌತಿಗೆ. ಮುಂಬೈಯಲ್ಲಿ ಉಪವಾಸ ಬಿಡುವವರಿಗೆ ಚಂದ್ರೋದಯದ ಹೊತ್ತು ಬೇಕು. ಆ ಚೌತಿ ಮಂಗಳವಾರ ಬಿದ್ದು ಅಂಗಾರಕಿಯಾದರೆ ಹೇಳುವುದೇ ಬೇಡ. ಅದೇ ಪದವನ್ನು ಐದು ವರ್ಷಕ್ಕೆ ಹಿಗ್ಗಿಸಿದರೆ ವಾರದ ಲೆಕ್ಕವಾಗಿ ಮೊನೆ ಮೊಂಡಾಗುತ್ತದೆ. 2004ರಿಂದ ಎಂದು ಕೇಳಿದರೆ ತಿಂಗಳ ಲೆಕ್ಕವಾಗಿ ಹಲ್ಲೇ ಉದುರಿಹೋಗುತ್ತದೆ. ನಮ್ಮ ವ್ಯವಹಾರದ ಋತುಮಾನ ವರ್ಷಕ್ಕೊಮ್ಮೆ ಮಾತ್ರ ಬರುವುದಿಲ್ಲ, ಇಪ್ಪತ್ತೊಂಬತ್ತೂವರೆ ದಿನಕ್ಕೊಮ್ಮೆಯೂ ಬರುತ್ತದೆ ಎಂಬುದು ದಿನದ ಲೆಕ್ಕ ನೋಡುವವರಿಗಷ್ಟೇ ಕಾಣುತ್ತದೆ.

ಎರಡನೆಯದು ನಮ್ಮದೇ ಪ್ಲೇ ಕನ್ಸೋಲ್, ಅಂದರೆ ಆ್ಯಪ್ ಮಾಡಿದವರಿಗೆ ಗೂಗಲ್ ಪ್ಲೇ ಸ್ಟೋರ್ ಕೊಡುವ ಲೆಕ್ಕದ ಪುಟ. ಇದರಲ್ಲಿ ಊಹೆಯಿಲ್ಲ. ಆ್ಯಪ್‌ನ ಪುಟಕ್ಕೆ ಬಂದವರೆಷ್ಟು, ಇಳಿಸಿಕೊಂಡವರೆಷ್ಟು, ತೆಗೆದುಹಾಕಿದವರೆಷ್ಟು ಎಂದು ದಿನದಿನದ ಲೆಕ್ಕ ಸಿಗುತ್ತದೆ. ಅದನ್ನು ಇಳಿಸಿಕೊಂಡು ಎಕ್ಸೆಲ್ ಹಾಳೆಗೆ ಹಾಕಿ, ತಾರೀಖಿನ ಕಾಲಂ ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿದೆ. ಹಬ್ಬದ ದಿನ ಸೊನ್ನೆ, ಹಿಂದಿನ ದಿನ ಋಣ ಒಂದು, ಅದರ ಹಿಂದಿನದು ಋಣ ಎರಡು. ತಾರೀಖಿನ ಪ್ರಕಾರ ಒಂದಕ್ಕೊಂದು ಸಂಬಂಧವೇ ಇಲ್ಲದಂತಿದ್ದ ಮೂರು ಯುಗಾದಿಗಳು ಈ ಹೊಸ ಕಾಲಂನಲ್ಲಿ ಒಂದರ ಮೇಲೊಂದು ಕುಳಿತುಬಿಟ್ಟವು. ಹಬ್ಬಕ್ಕೆ ನಾಲ್ಕೈದು ದಿನ ಇರುವಾಗ ಏರಲು ಶುರು, ಹಿಂದಿನ ಸಂಜೆ ತುತ್ತತುದಿ, ಮರುದಿನ ಇಳಿತ. ಗಣೇಶ ಚೌತಿಗೂ ಇದೇ ಲೆಕ್ಕ ಬೇಕು. 2025ರಲ್ಲಿ ಆಗಸ್ಟ್ 27ಕ್ಕಿದ್ದ ಚೌತಿ, 2026ರಲ್ಲಿ ಮೇ 17ರಿಂದ ಅಧಿಕ ಜ್ಯೇಷ್ಠ ಎಂಬ ಹೆಚ್ಚುವರಿ ಮಾಸ ಬರುವುದರಿಂದ, ಸೆಪ್ಟೆಂಬರ್ 14ಕ್ಕೆ ಜಿಗಿಯುತ್ತದೆ. ಸಾಮಾನ್ಯವಾಗಿ ವರ್ಷಕ್ಕೆ ಹತ್ತು-ಹನ್ನೊಂದು ದಿನ ಹಿಂದೆ ಸರಿಯುವ ಹಬ್ಬ ಒಮ್ಮೆಲೇ ಹದಿನೆಂಟು ದಿನ ಮುಂದೆ! 'ಕಳೆದ ವರ್ಷದ ಇದೇ ವಾರ' ಎಂಬ ಹೋಲಿಕೆ ಇಂಥ ವರ್ಷಗಳಲ್ಲಿ ಶುದ್ಧ ಸುಳ್ಳು.

ನಮ್ಮವರಲ್ಲೇ ಇನ್ನೊಂದು ಗುಂಪಿದೆ. ಮುಂಬೈಯ ತುಳು-ಕನ್ನಡಿಗರಲ್ಲಿ ಅನೇಕರಿಗೆ ಸೌರಮಾನ. ಅವರ ಹೊಸ ವರ್ಷ ಬಿಸು (ವಿಷು) ಏಪ್ರಿಲ್ 14 ಅಥವಾ 15 ಬಿಟ್ಟು ಕದಲುವುದಿಲ್ಲ. ಅವರ ಮಟ್ಟಿಗೆ ಇಂಗ್ಲಿಷ್ ತಾರೀಖಿನ ಹೋಲಿಕೆ ಸರಿಯಾಗಿಯೇ ಇದೆ. ಆದರೆ ಪ್ಲೇ ಕನ್ಸೋಲ್ ಹೇಳುವುದು ದೇಶವನ್ನು ಮಾತ್ರ, ಭಾರತದೊಳಗಿನ ರಾಜ್ಯವನ್ನಲ್ಲ. ಭಾಷೆಯಿಂದ ಬೇರ್ಪಡಿಸೋಣವೆಂದರೆ ಇಲ್ಲಿನ ಕನ್ನಡಿಗರ ಫೋನೆಲ್ಲ ಇಂಗ್ಲಿಷಿನಲ್ಲಿ. ಊರಿನ ವಿವರಕ್ಕೆ ಆ್ಯಪ್ ಬಳಕೆಯ ಲೆಕ್ಕ ಇಡುವ ಗೂಗಲ್‌ನ ಫೈರ್‌ಬೇಸ್‌ಗೇ ಹೋಗಬೇಕು, ಅದೂ ಅಂದಾಜಿನದು. ಟ್ರೆಂಡ್ಸ್‌ನಲ್ಲಿ ವಿಷು ಎಂದು ಹುಡುಕೋಣವೆಂದರೆ ಇಲ್ಲಿನ ಮಲಯಾಳಿಗಳೆಲ್ಲ ಅದರೊಳಗೆ ಬಂದು ಕೂರುತ್ತಾರೆ.

ಕನ್ಸೋಲ್‌ಗೆ ಮತ್ತೊಂದು ಕುಂದಿದೆ, ಇದನ್ನು ಯಾರೂ ಹೇಳುವುದಿಲ್ಲ. ಕಳೆದ ಯುಗಾದಿಗೆ ನೀವೇ ಜಾಹೀರಾತು ಹಾಕಿದ್ದರೆ ಆ ಏರಿಕೆಯ ಒಂದು ಪಾಲು ಹಬ್ಬದ್ದಲ್ಲ, ನಿಮ್ಮದೇ ದುಡ್ಡಿನದು. ಜಾಹೀರಾತಿನಿಂದ ಬಂದವರನ್ನು ಬದಿಗಿಟ್ಟು, ಪ್ಲೇ ಸ್ಟೋರ್‌ನಲ್ಲಿ ತಾವಾಗಿ ಹುಡುಕಿ ಬಂದವರನ್ನಷ್ಟೇ ಎಣಿಸಬೇಕು. ಗ್ರಹಣದ ದಿನಗಳನ್ನೂ ಹಾಳೆಯಿಂದ ಕಿತ್ತುಹಾಕಬೇಕು. 2025ರ ಸೆಪ್ಟೆಂಬರ್ 7ರ ಖಗ್ರಾಸ ಚಂದ್ರಗ್ರಹಣ ಇಡೀ ದೇಶಕ್ಕೆ ಕಂಡಿತು. ಸ್ಪರ್ಶ-ಮೋಕ್ಷದ ಹೊತ್ತು ನೋಡಲೆಂದೇ ಬಂದವರು ಅದೇ ವಾರ ಆ್ಯಪ್ ತೆಗೆದುಹಾಕಿ ಹೊರಟರು. ಇಳಿಸಿಕೊಂಡವರ ಗೆರೆ ಮಾತ್ರ ನೋಡಿದರೆ ಅದು ವರ್ಷದ ಅತಿ ಒಳ್ಳೆಯ ದಿನ.

ಮೂರನೆಯದು ಕಾಸು ಕೊಟ್ಟು ಕೊಳ್ಳುವ ಮಾರುಕಟ್ಟೆ ಅಂದಾಜಿನ ಸೇವೆಗಳು. ಒಂದರ ಪ್ರಾಯೋಗಿಕ ಅವಧಿ ಬಳಸಿದೆ, ಹೆಸರು ಬೇಡ. ಪರದೆ ಅಂದವಾಗಿದೆ, ದೊಡ್ಡ ಎದುರಾಳಿಗಳ ಏರಿಳಿತ ಚೆನ್ನಾಗಿ ತೋರಿಸುತ್ತದೆ. ಡಿಸೆಂಬರ್ ಕೊನೆ ಮತ್ತು ಜನವರಿ ಮೊದಲ ದಿನಗಳಲ್ಲಿ ಕ್ಯಾಲೆಂಡರ್ ಆ್ಯಪ್‌ಗಳೆಲ್ಲ ಒಟ್ಟಿಗೆ ಏರುವುದನ್ನು ಮೊದಲು ಸ್ಪಷ್ಟವಾಗಿ ಕಂಡದ್ದು ಅದರಲ್ಲೇ. ಆದರೆ ನಮ್ಮ ಗಾತ್ರದ ಆ್ಯಪ್‌ಗೆ ಅದು ತೋರಿಸಿದ ಸಂಖ್ಯೆಗೂ ಕನ್ಸೋಲ್‌ನ ನಿಜ ಸಂಖ್ಯೆಗೂ ತಾಳಮೇಳವಿರಲಿಲ್ಲ. ಇಂಥ ಲೆಕ್ಕಗಳು ಪಟ್ಟಿಯಲ್ಲಿನ ಸ್ಥಾನ, ಮಾದರಿ ಬಳಕೆದಾರರ ಮಾಹಿತಿ ಇವುಗಳ ಮೇಲೆ ಕಟ್ಟಿದ ಅಂದಾಜುಗಳು. ಪಟ್ಟಿಯ ಕೆಳಗೆ ಇಳಿದಷ್ಟೂ ಮಸುಕು. ಅಂದಾಜು ಹೇಗೆ ಹುಟ್ಟುತ್ತದೆ ಎಂಬುದೂ ಸಣ್ಣ ಪ್ರಶ್ನೆಯಲ್ಲ: ಇಂಥದೇ ಸೇವೆ ಮಾರುತ್ತಿದ್ದ ಆ್ಯಪ್ ಆ್ಯನಿ ಎಂಬ ಕಂಪನಿ ತನ್ನ ಅಂದಾಜು ತಯಾರಿಕೆಯ ಬಗ್ಗೆ ಗ್ರಾಹಕರಿಗೆ ಹೇಳಿದ್ದು ಒಂದು, ಮಾಡಿದ್ದು ಇನ್ನೊಂದು ಎಂದು ಅಮೆರಿಕದ ಷೇರು ನಿಯಂತ್ರಣ ಆಯೋಗ 2021ರಲ್ಲಿ ಆರೋಪ ಹೊರಿಸಿತು, ಕಂಪನಿ ಒಂದು ಕೋಟಿ ಡಾಲರಿಗೂ ಹೆಚ್ಚು ದಂಡ ಕಟ್ಟಲು ಒಪ್ಪಿತು. ದೊಡ್ಡ ಬಂಡವಾಳದವರು ಕೊಳ್ಳಲಿ. ನಾನು ಕೊಳ್ಳಲಿಲ್ಲ.

ನಾಲ್ಕನೆಯದು ಕೀವರ್ಡ್ ಪ್ಲಾನರ್, ಯಾವ ಪದವನ್ನು ಎಷ್ಟು ಸಲ ಹುಡುಕುತ್ತಾರೆಂದು ಜಾಹೀರಾತುದಾರರಿಗೆ ಹೇಳುವ ಗೂಗಲ್ ಸಲಕರಣೆ; ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಡಿಮೆ ಖರ್ಚು ಮಾಡುವ ಖಾತೆಗೆ 'ಸಾವಿರದಿಂದ ಹತ್ತು ಸಾವಿರ' ಎಂಬಂಥ ಅಗಲವಾದ ಉತ್ತರ ಸಿಗುತ್ತದೆ, ಅದೂ ತಿಂಗಳ ಲೆಕ್ಕದಲ್ಲಿ. 2025ರ ಯುಗಾದಿ ಪೂರ್ತಿ ಮಾರ್ಚ್ ಪಾಲಿಗೆ, 2024ರದ್ದು ಏಪ್ರಿಲ್ ಪಾಲಿಗೆ. ಇಂಥದ್ದನ್ನು ಹೋಲಿಸಿ ಏನು ಮಾಡುವುದು?

ಲೆಕ್ಕಕ್ಕೇ ಇಲ್ಲದ ಐದನೆಯ ದಾರಿ ಮಾಟುಂಗಾದ ಪೂಜಾ ಸಾಮಗ್ರಿ ಅಂಗಡಿ. ಅಚ್ಚಿನ ಪಂಚಾಂಗ ಯಾವಾಗ ತರಿಸುತ್ತೀರಿ ಎಂದು ಕೇಳಿದೆ. "ಯುಗಾದಿಗೆ ತಿಂಗಳಿರುವಾಗಲೇ ಬಂದಿರಬೇಕು ಮಾರಾಯರೇ, ಭಟ್ಟರುಗಳು ಮೊದಲೇ ಒಯ್ಯುತ್ತಾರೆ, ಮನೆಯವರು ಕೊನೆಯ ವಾರ," ಎಂದರು. ಪುರೋಹಿತರ ಬೇಡಿಕೆಯ ಅಲೆ ಬೇರೆ, ಮನೆಯವರದು ಬೇರೆ ಎಂಬುದನ್ನು ಯಾವ ಪರದೆಯೂ ನನಗೆ ಬಿಡಿಸಿ ತೋರಿಸಿರಲಿಲ್ಲ.

ಈಗ ನಾನು ನಡೆಸುವ ಕ್ರಮ ಹೀಗೆ. ಅಲೆಯ ಎತ್ತರಕ್ಕೆ ಕನ್ಸೋಲ್‌ನ ತಿಥಿ ಹಾಳೆ. ಜಾಹೀರಾತಿನ ಸೋಂಕಿಲ್ಲದ ಆಕಾರಕ್ಕೆ ಟ್ರೆಂಡ್ಸ್. ಪ್ಲೇ ಪುಟದ ಬದಲಾವಣೆ ಪರಿಶೀಲನೆಗೆ ವಾರ ಹಿಡಿಯಬಹುದು, ಜಾಹೀರಾತಿಗೂ ಹದಕ್ಕೆ ಬರಲು ಸಮಯ ಬೇಕು. ಆದ್ದರಿಂದ ಯುಗಾದಿಗೆ ಮೂರು ವಾರ ಮೊದಲೇ ಸಣ್ಣ ಮೊತ್ತದಲ್ಲಿ ಶುರು ಮಾಡಿ ಕೊನೆಯ ನಾಲ್ಕೈದು ದಿನ ಏರಿಸುತ್ತೇನೆ. ದೀಪಾವಳಿಯ ಮುಂಚೆ ಕೈ ಕಟ್ಟಿ ಕೂರುತ್ತೇನೆ. ಶಾಪಿಂಗ್ ಆ್ಯಪ್‌ಗಳು ಜಾಹೀರಾತಿನ ದರ ಏರಿಸಿಟ್ಟ ಸಂತೆಯಲ್ಲಿ ನಮ್ಮಂಥವರಿಗೆ ಕೆಲಸವಿಲ್ಲ. ಆ ದುಡ್ಡು ಶ್ರಾವಣಕ್ಕೆ. 2025ರಲ್ಲಿ ಅದು ಜುಲೈ 25ಕ್ಕೆ ಶುರುವಾಗಿತ್ತು, 2026ರಲ್ಲಿ ಆಗಸ್ಟ್ 13ಕ್ಕೆ. ನಡುವಿನ ಆ ವಾರಗಳಲ್ಲಿ ಡೌನ್‌ಲೋಡ್ ಕುಸಿದಿದೆ ಎಂದು ಕಚೇರಿಯಲ್ಲಿ ಯಾರಾದರೂ ಗಾಬರಿಯಾದರೆ ತೋರಿಸಲು ಹಾಳೆಯನ್ನು ಈಗಲೇ ಮುದ್ರಿಸಿ ಇಟ್ಟುಕೊಂಡಿದ್ದೇನೆ.