ಸಾಕೆಟ್ ಒಂದೇ ಅಂದ ಮಾತ್ರಕ್ಕೆ ಪ್ರೊಸೆಸರ್ ತೆಗೆದುಕೊಳ್ಳಬೇಡಿ

ಎರಡು ದಿನದಿಂದ ಹೊಟ್ಟೆ ಉರಿಯುತ್ತಿದೆ. ಹೇಳಿಕೊಳ್ಳಲು ನಾಚಿಕೆಯೂ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ. ಹಳೇ ಡೆಸ್ಕ್‌ಟಾಪ್‌ಗೆ ಪ್ರೊಸೆಸರ್ ಬದಲಿಸಲು ಹೊರಟವರು ದಯವಿಟ್ಟು ಓದಿ.

ನನ್ನದು ಎಚ್110 ಚಿಪ್‌ಸೆಟ್‌ನ (ಪ್ರೊಸೆಸರನ್ನು ಉಳಿದ ಭಾಗಗಳಿಗೆ ಜೋಡಿಸುವ ಚಿಪ್) ಮದರ್‌ಬೋರ್ಡ್, ಇಂಟೆಲ್‌ನ ಐ3-6100 ಪ್ರೊಸೆಸರ್. ಎರಡೇ ಕೋರ್, ಅಂದರೆ ಕೆಲಸ ಮಾಡುವ ಘಟಕ ಎರಡೇ. ವಿಡಿಯೊ ಕಾಲ್ ನಡೆಯುವಾಗ ಇನ್ನೊಂದು ಫೈಲ್ ತೆರೆದರೆ ಮೌಸ್ ಕೂಡ ನಿಂತುಬಿಡುತ್ತಿತ್ತು. ಆನ್‌ಲೈನ್‌ನಲ್ಲಿ ಸೆಕೆಂಡ್ ಹ್ಯಾಂಡ್ ಐ5-8400 ಕಂಡಿತು. ಆರು ಕೋರ್! ಮಾರುವವನಿಗೆ ಬೋರ್ಡಿನ ಫೋಟೊ ಕಳಿಸಿದೆ, ಮಾಡೆಲ್ ನಂಬರ್ ಕೊಟ್ಟೆ, ಬಿಡಿಸಿ ಕೇಳಿದೆ: "ಇದು ನನ್ನ ಬೋರ್ಡಿಗೆ ಆಗುತ್ತಾ?"

"ಸಾಕೆಟ್ 1151 ತಾನೇ ಸರ್? ಇದೂ 1151. ಕಣ್ಮುಚ್ಚಿ ಹಾಕಿ" ಅಂದ. ಸಾಕೆಟ್ ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ, 1151 ಅನ್ನೋದು ಅದರ ಪಿನ್‌ಗಳ ಲೆಕ್ಕ.

ನಂಬಿದೆ. ಬಂತು. ಹಾಕಿದೆ. ಅಂಚಿನ ಕಚ್ಚುಗಳು ಸರಿಯಾಗಿ ಕೂತವು, ಲಿವರ್ ಸಲೀಸಾಗಿ ಇಳಿಯಿತು. ಬಿಸಿ ದಾಟಿಸುವ ಪೇಸ್ಟ್ ಹಚ್ಚಿ ಕೂಲರ್ ಕೂರಿಸಿ ಪವರ್ ಒತ್ತಿದೆ. ಫ್ಯಾನ್ ತಿರುಗಿತು. ಪರದೆ ಮಾತ್ರ ಕಪ್ಪು. ರ‍್ಯಾಮ್ ತೆಗೆದು ಹಾಕಿದೆ, ಬೋರ್ಡಿನ ಸೆಲ್ ತೆಗೆದು ಹಾಕಿದೆ, ಕೇಬಲ್ ಬದಲಿಸಿದೆ. ಕಪ್ಪು. ಕೊನೆಗೆ ಹಳೇ ಐ3 ಹಾಕಿದೆ, ತಕ್ಷಣ ಡಿಸ್‌ಪ್ಲೇ ಬಂತು. ಮೋಸ ಹೋಗಿದ್ದೇನೆ ಅಂತ ಗೊತ್ತಾಗಿದ್ದು ಆಗಲೇ.

ಕೇಳಿದರೆ ಮೊದಲು "ಬಯೋಸ್ ಅಪ್‌ಡೇಟ್ ಮಾಡಿ ಸರ್" ಅಂದ. ಬೋರ್ಡ್ ಕಂಪನಿ ಕೊಟ್ಟಿರುವ ಕೊನೆಯ ಬಯೋಸ್ (ಆನ್ ಮಾಡಿದಾಗ ಕಂಪ್ಯೂಟರನ್ನು ಎಬ್ಬಿಸುವ, ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್) ಹಾಕಿದೆ. ಆಗಲಿಲ್ಲ. ಆಮೇಲೆ "ನಿಮ್ಮ ಬೋರ್ಡೇ ಹೋಗಿದೆ" ಅಂದ. ಅದೇ ಬೋರ್ಡಿನಲ್ಲಿ ಐ3 ಓಡುವ ವಿಡಿಯೊ ಕಳಿಸಿದೆ. ಅದಕ್ಕೆ ಉತ್ತರ: "ಪೇಸ್ಟ್ ಹಚ್ಚಿದ ಮೇಲೆ ರಿಟರ್ನ್ ಇಲ್ಲ. ಹೊಂದುತ್ತಾ ಅಂತ ನೋಡಿಕೊಳ್ಳೋದು ನಿಮ್ಮ ಕೆಲಸ."

ನನ್ನ ಕೆಲಸವಂತೆ! ನೋಡಿಕೊಳ್ಳೋಕೆ ತಾನೇ ಮೊದಲೇ ಕೇಳಿದ್ದು? ಮಾಡೆಲ್ ನಂಬರ್ ಸಮೇತ ಕೇಳಿದ್ದೆನಲ್ಲ? ಪೇಸ್ಟ್ ಹಚ್ಚದೆ ಆನ್ ಮಾಡಿ ಪರೀಕ್ಷಿಸಲು ಆಗುತ್ತಾ?

ಆಮೇಲೆ ಕೂತು ಹುಡುಕಿದಾಗ ವಿಷಯ ತಿಳಿಯಿತು. 1151 ಅನ್ನೋದು ಹೆಸರಿಗೆ ಒಂದೇ. ಆರು ಮತ್ತು ಏಳನೇ ತಲೆಮಾರಿನ ಇಂಟೆಲ್ ಪ್ರೊಸೆಸರ್‌ಗಳಿಗೆ 100, 200 ಸರಣಿಯ ಚಿಪ್‌ಸೆಟ್. 2017ರಲ್ಲಿ ಬಂದ ಎಂಟನೇ ತಲೆಮಾರಿಗೆ, ಆಮೇಲಿನ ಒಂಬತ್ತನೆಯದಕ್ಕೂ, 300 ಸರಣಿಯೇ ಬೇಕು. ನನ್ನ ಎಚ್110 ಇರೋದು 100 ಸರಣಿಯಲ್ಲಿ, ಐ5-8400 ಎಂಟನೇ ತಲೆಮಾರಿನದು. ಪಿನ್‌ಗಳ ಲೆಕ್ಕ ಅಷ್ಟೇ ಇದ್ದರೂ ಯಾವ ಪಿನ್‌ಗೆ ಯಾವ ಕೆಲಸ ಅನ್ನೋದು ಬದಲಾಗಿದೆ, ಕರೆಂಟ್ ಒದಗಿಸುವ ಪಿನ್‌ಗಳು ಜಾಸ್ತಿಯಾಗಿವೆ. ಕೂರುತ್ತೆ, ಆದರೆ ಓಡಲ್ಲ. ದಿನವೂ ಪ್ರೊಸೆಸರ್ ಮಾರುವವನಿಗೆ ಇದು ಗೊತ್ತಿರಲಿಲ್ಲ ಅಂದರೆ ನಾನು ನಂಬಲ್ಲ.

ತೆಗೆದುಕೊಳ್ಳುವ ಮುಂಚೆ ಬೋರ್ಡಿನ ಮೇಲೆ ಅಚ್ಚಾಗಿರುವ ಪೂರ್ತಿ ಮಾಡೆಲ್ ಹೆಸರು ನೋಡಿ, ರಿವಿಷನ್ ನಂಬರ್ ಇದ್ದರೆ ಅದನ್ನೂ. ಬೋರ್ಡ್ ಕಂಪನಿಯ ಸಪೋರ್ಟ್ ಪುಟದಲ್ಲಿ ಆ ಬೋರ್ಡಿಗೆ ಹೊಂದುವ ಸಿಪಿಯುಗಳ, ಅಂದರೆ ಪ್ರೊಸೆಸರ್‌ಗಳ ಪಟ್ಟಿ ಇರುತ್ತೆ. ನೀವು ಕೊಳ್ಳಬೇಕೆಂದಿರುವ ಪ್ರೊಸೆಸರ್ ಹೆಸರು ಅದರಲ್ಲಿ ಇಲ್ಲದಿದ್ದರೆ ಬಿಟ್ಟುಬಿಡಿ, ಯಾರು ಏನೇ ಹೇಳಲಿ. ಹೆಸರಿದ್ದರೆ ಪಕ್ಕದಲ್ಲಿರುವ ಬಯೋಸ್ ಆವೃತ್ತಿ ನೋಡಿ, ಹಳೇ ಪ್ರೊಸೆಸರ್ ಕಳಚುವ ಮುಂಚೆಯೇ ಅಪ್‌ಡೇಟ್ ಮಾಡಿ. ನನ್ನ ಬೋರ್ಡಿನ ಪಟ್ಟಿಯಲ್ಲಿ ಐ7-7700 ಇದೆ. ನಾಲ್ಕು ಕೋರ್, ಎಂಟು ಥ್ರೆಡ್ (ಒಮ್ಮೆಗೇ ನಡೆಸಬಲ್ಲ ಕೆಲಸದ ಸಾಲು). ಐದು ನಿಮಿಷ ಆ ಪಟ್ಟಿ ನೋಡಿದ್ದರೆ ಅದನ್ನೇ ತರುತ್ತಿದ್ದೆ.

ನಿನ್ನೆ ರಾತ್ರಿ ಅವನ ಮೊದಲ ಉತ್ತರದ ಸ್ಕ್ರೀನ್‌ಶಾಟನ್ನು ಅವನಿಗೇ ಕಳಿಸಿದೆ. ನೋಡಿದ್ದಾನೆ. ಉತ್ತರ ಇಲ್ಲ.